ಹುಲ್ಲೋ, ಪ್ಯಾನೆಲ್ಲೋ?

ಹಸಿರು ಕಟ್ಟಡದ ಸರ್ಟಿಫಿಕೇಟ್ ಬೇಕು ಅಂದ್ರೆ ತಾರಸಿಗೆ ಸೋಲಾರ್ ಹಾಕಿದ್ರೂ ಅಂಕ, ತೋಟ ಮಾಡಿದ್ರೂ ಅಂಕ. ಇರೋದು ಒಂದೇ ತಾರಸಿ. ಜಾಗ ಯಾರಿಗೆ?

ಈ ಜಗಳ ಹುಟ್ಟೋಕೆ ಎಷ್ಟೋ ಮುಂಚೆ, 1914ರಲ್ಲಿ, ಜ್ಯೂರಿಕ್‌ನವರು ಸರೋವರದ ನೀರು ಸೋಸುವ ಘಟಕ ಕಟ್ಟಿದರು. ಒಳಗಿನ ನೀರು ಬಿಸಿಯಾಗಬಾರದು ಅಂತ ಕಾಂಕ್ರೀಟ್ ಚಾವಣಿಯ ಮೇಲೆ ಮಣ್ಣು ಸುರಿದರು. ಪರಿಸರಪ್ರೇಮ ಏನಲ್ಲ, ಬರೀ ತಂಪಿನ ಲೆಕ್ಕ. ಮಣ್ಣಿನ ಜೊತೆ ಬಂದ ಬೀಜ ಮೊಳೆತು ಹುಲ್ಲುಗಾವಲಾಯ್ತು. ಈಗ ಅಲ್ಲಿ ಅಪರೂಪದ ಆರ್ಕಿಡ್‌ಗಳು ಅರಳುತ್ತವೆ. ನಮ್ಮೂರ ಮಣ್ಣಿನ ಮಾಳಿಗೆ ಮನೆಗಳಲ್ಲೂ ಇದೇ ತಂಪಿತ್ತು. ಆದರೆ ಮಳೆಗೆ ಮೇಲೆದ್ದ ಹುಲ್ಲು ಕೀಳದಿದ್ದರೆ ಬೇರಿಳಿದು ಸೋರೋದು. (ಆ ಕೆಲಸ ಯಾವಾಗಲೂ ಹುಡುಗರದ್ದೇ.) ಸ್ವಿಟ್ಜರ್ಲೆಂಡಿನದೇ ಬಾಸೆಲ್ ನಗರ 2002ರಲ್ಲಿ ಹೊಸ ಮಟ್ಟಸ ಚಾವಣಿಗಳಿಗೆ ಹಸಿರನ್ನು ಕಡ್ಡಾಯವನ್ನೇ ಮಾಡಿತು.

ಜಗಳ ತಂದಿದ್ದು ಅಂಕಪಟ್ಟಿ. 2000ದಲ್ಲಿ ಚಾಲ್ತಿಗೆ ಬಂದ ಅಮೆರಿಕದ ಲೀಡ್‌ನಲ್ಲಿ ಚಾವಣಿಯ ಹಸಿರು ನಿವೇಶನದ ಅಧ್ಯಾಯಕ್ಕೆ, ಸೋಲಾರ್ ಇಂಧನದ ಅಧ್ಯಾಯಕ್ಕೆ. ನಮ್ಮ ಭಾಷೆಯಲ್ಲಿ ಎರಡು ಬೇರೆ ಮಾಡ್ಯೂಲ್. ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಅಮೆರಿಕದ ಹೊರಗೆ ಮೊದಲ ಪ್ಲಾಟಿನಂ ಪಡೆದ ಕಟ್ಟಡ ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್. 2003ರಲ್ಲೇ ಅದರ ಮೇಲೆ ತೋಟವೂ ಇತ್ತು, ಪ್ಯಾನೆಲ್ಲೂ ಇತ್ತು. ಫ್ರಾನ್ಸ್ ಮಾತ್ರ 2016ರ ಕಾನೂನಿನಲ್ಲಿ ಹೊಸ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಗಿಡ 'ಅಥವಾ' ನವೀಕರಿಸಬಹುದಾದ ಇಂಧನ ಎಂದಿತು. ಆ 'ಅಥವಾ' ನನಗಂತೂ ಒಪ್ಪಿಗೆಯಿಲ್ಲ.

ಯಾಕೆ ಅಂದ್ರೆ ಎರಡಕ್ಕೂ ಒಂದಕ್ಕೊಂದು ಬೇಕು. ಸಿಲಿಕಾನ್ ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಸುಮಾರು ಶೇ. 0.4ರಷ್ಟು ವಿದ್ಯುತ್ ಕಳಕೊಳ್ಳುತ್ತೆ. ಬೇಸಿಗೆಯಲ್ಲಿ ಅದು 60 ಡಿಗ್ರಿಗೆ ಕಾಯ್ದರೆ ನಷ್ಟ ಶೇ. 14. ಕೆಳಗಿನ ಗಿಡ ನೀರನ್ನು ಆವಿ ಮಾಡಿ ಗಾಳಿಯನ್ನು ತಂಪಾಗಿಸಿದರೆ ಅದರಲ್ಲಿ ಸ್ವಲ್ಪ ಉಳಿಯುತ್ತೆ. ಭಾರೀ ಲಾಭ ಅಂತ ಹೇಳೋರನ್ನ ನಂಬಬೇಡಿ. ಮಣ್ಣು ಒಣಗಿದ್ದರೆ ಆವಿಯೂ ಇಲ್ಲ, ತಂಪೂ ಇಲ್ಲ. ನನಗೆ ಹೆಚ್ಚು ಹಿಡಿಸಿದ್ದು ಬೇರೆ: ಪ್ಯಾನೆಲ್ಲಿನ ಚೌಕಟ್ಟನ್ನು ಮಣ್ಣಿನ ಭಾರವೇ ಹಿಡಿದು ನಿಲ್ಲಿಸಬಲ್ಲದು. ಕಾಂಕ್ರೀಟಿಗೆ ತೂತು ಕೊರೆಯೋದೇ ಬೇಡ, ಸೋರೋ ಭಯ ಕಡಿಮೆ. ಗಿಡ ಮಾತ್ರ ಕುಳ್ಳಗಿರಬೇಕು, ಇಲ್ಲಾಂದ್ರೆ ನೆರಳು ಬಿದ್ದು ಕರೆಂಟು ಹೋಗುತ್ತೆ.

ಇನ್ನು ತೂಕ. ಹತ್ತು ಸೆಂಟಿಮೀಟರ್ ಮಣ್ಣು ನೆನೆದರೆ ಚದರ ಮೀಟರಿಗೆ 100 ಕೆಜಿ ಮೀರುತ್ತೆ. ಬೆಂಗಳೂರಿನ ನಿಮ್ಮ ಹಳೇ ಅಪಾರ್ಟ್‌ಮೆಂಟಿನ ತಾರಸಿ ಅದನ್ನು ತಾಳುತ್ತಾ ಅಂತ ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್; ಸೋಲಾರ್ ಮಾರುವವರಲ್ಲ, ನರ್ಸರಿಯವರೂ ಅಲ್ಲ.