ಎರೆಭೂಮಿಯ ಅಡಿಯಲ್ಲಿ ಇಲ್ಲದ ಯುಗ

ಕುಂದಗೋಳ ತಾಲೂಕಿನ ಯರಗುಪ್ಪಿಯ ಸೀಮೆಯಲ್ಲಿ ಎರೆಮಣ್ಣು ದಾಟಿ ಆಳಕ್ಕಿಳಿದರೆ ಸಿಗುವುದು ಧಾರವಾಡ ಶಿಲಾಸಮೂಹದ ಕಲ್ಲು. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅದರಲ್ಲಿ ಡೈನೋಸಾರ್ ಹುಡುಕಿ ಫಲವಿಲ್ಲ; ಅವು ಹುಟ್ಟಿದ್ದು ಹೆಚ್ಚುಕಡಿಮೆ 23 ಕೋಟಿ ವರ್ಷಗಳ ಹಿಂದೆ. ಪಳೆಯುಳಿಕೆ ಸಿಗಬಹುದಾದ ಮರಳುಗಲ್ಲೇ ಬೇಕೆಂದರೆ ಬಾದಾಮಿ ಬಹಳ ದೂರವಿಲ್ಲ. ಆದರೆ ಚಾಲುಕ್ಯರು ಗುಹಾಲಯ ಕೊರೆಸಿದ ಆ ಕೆಂಪುಕಲ್ಲೂ 50 ಕೋಟಿ ವರ್ಷಕ್ಕಿಂತ ಹಳೆಯದು. ಅದರ ಮರಳು ಶೇಖರವಾಗುವಾಗ ನೆಲದ ಮೇಲೆ ಎಲುಬಿರುವ ಪ್ರಾಣಿಯೇ ಇರಲಿಲ್ಲ.

ಈ ನೆಲವನ್ನು ಶಾಸ್ತ್ರೀಯವಾಗಿ ಓದಿದವರಲ್ಲಿ ಪ್ರಮುಖ ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ ಈತ, 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ. 1880ರ ದಶಕದಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವನೂ ಅವನೇ. ಗೋಕಾಕದ ಹತ್ತಿರ ಅವನಿಗೆ ಪಳೆಯುಳಿಕೆಯೂ ಸಿಕ್ಕಿತು. ಆದರೆ ಅದು ಘೇಂಡಾಮೃಗದ್ದು! 1874ರಲ್ಲಿ ಅದನ್ನು ‘ರೈನೋಸರಸ್ ಡೆಕ್ಕನೆನ್ಸಿಸ್’ ಎಂದು ವರ್ಣಿಸಿದ. ಕಲ್ಲು ತೀರ ಹಳೆಯದು, ಎಲುಬು ತೀರ ಹೊಸದು. ನಡುವಿನ ಡೈನೋಸಾರ್ ಯುಗ ಧಾರವಾಡದ ದಫ್ತರದಲ್ಲಿಲ್ಲ.

ಆ ಹಾಳೆ ಕಾಣಬೇಕೆಂದರೆ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಫೂಟನ ಸಹೋದ್ಯೋಗಿ ಎಚ್. ಎಫ್. ಬ್ಲ್ಯಾನ್‌ಫೋರ್ಡ್ ಅಲ್ಲಿನ ಕ್ರಿಟೇಷಿಯಸ್ (ಡೈನೋಸಾರ್ ಯುಗದ ಕೊನೆಯ ಘಟ್ಟ) ಶಿಲೆಗಳ ವರದಿಯನ್ನು 1862ರಲ್ಲೇ ಹೊರತಂದಿದ್ದ. ಸಮುದ್ರ ಹಿಂದೆ ಸರಿದ ಮೇಲೆ ನದಿಗಳು ಹಾಸಿದ ಮರಳು ಅಲ್ಲಿ ಕಲ್ಲಮೇಡು ಶಿಲಾಸ್ತರವಾಗಿದೆ. 1929ರಲ್ಲಿ ಸಿ. ಎ. ಮ್ಯಾಟ್ಲಿ ಅಲ್ಲಿನ ಡೈನೋಸಾರ್‌ಗಳ ಬಗ್ಗೆ ಬರೆದ. 1980ರ ದಶಕದ ಕೊನೆಗೆ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ವಿಜ್ಞಾನಿಗಳು ‘ಬೃಹತ್ಕಾಯೋಸಾರಸ್’ ಅನ್ನು ಪರಿಚಯಿಸಿದರು. ಅದರ ಮೊಣಕಾಲಿನ ಕೆಳಗಿನ ಎಲುಬೊಂದೇ 2 ಮೀಟರ್ ಉದ್ದ, ಅಂದರೆ ಆಳೆತ್ತರಕ್ಕೂ ಮಿಗಿಲು. ಮೊದಲು ಮಾಂಸಾಹಾರಿ ಎಂದರು, ಆಮೇಲೆ ಉದ್ದ ಕತ್ತಿನ ಸಸ್ಯಾಹಾರಿ ಎಂದಾಯಿತು. ಎಲುಬಲ್ಲ, ಕಲ್ಲಾದ ಮರವಿರಬಹುದೆಂಬ ಶಂಕೆಯೂ ಬಂತು. ಪರೀಕ್ಷಿಸೋಣವೆಂದರೆ ಮೂಲವಸ್ತುವೇ ಉಳಿದಿಲ್ಲ, ಪುಡಿಯಾಗಿ ಹೋಗಿದೆ. ಉಳಿದಿರುವುದು ಚಿತ್ರ ಮತ್ತು ಅಳತೆ. ಇಷ್ಟರ ಮೇಲೆ ಜಗತ್ತಿನ ಅತಿ ದೊಡ್ಡ ಪ್ರಾಣಿಯ ಪಟ್ಟ ಕಟ್ಟುವುದು ಅವಸರದ ಮಾತು.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಚಿಕ್ಕದು. 2013ರಲ್ಲಿ ಗೋಸ್ವಾಮಿ, ಪ್ರಸಾದ್ ಮತ್ತು ಸಂಗಡಿಗರು ಕಲ್ಲಮೇಡಿನ ಒಂದು ಹಲ್ಲನ್ನು ಟ್ರೂಡಾಂಟಿಡ್ ಡೈನೋಸಾರಿನದೆಂದು ವರದಿ ಮಾಡಿದರು. ಅಲ್ಲಿಯವರೆಗೆ ಆ ಕುಲ ಉತ್ತರದ ಖಂಡಗಳದ್ದೆಂದೇ ಲೆಕ್ಕವಾಗಿತ್ತು.

ಕರ್ನಾಟಕಕ್ಕೂ ಆ ಕಾಲದ ತುಣುಕೊಂದು ದಕ್ಕಿದೆ. ದಖ್ಖನ್ನಿನ ಲಾವಾ ಹರಿವುಗಳ ನಡುವೆ ಬಿಡುವಿದ್ದಾಗ ಕೆರೆಗಳಲ್ಲಿ ಕೆಸರು ನಿಂತಿತು. ಹಳೆಯ ಗುಲಬರ್ಗಾ ಜಿಲ್ಲೆಯ ಅಂಥ ಪದರಗಳಿಂದ ವ್ಹಾಟ್ಲಿ, ಬಾಜಪೇಯಿ, ಶ್ರೀನಿವಾಸನ್ 2002ರಲ್ಲಿ ಕ್ರಿಟೇಷಿಯಸ್ ಕಾಲದ ಆಸ್ಟ್ರಕೋಡ್‌ಗಳನ್ನು, ಎಂದರೆ ಸಿಹಿನೀರಿನ ಸೂಕ್ಷ್ಮ ಚಿಪ್ಪುಜೀವಿಗಳನ್ನು, ವರದಿ ಮಾಡಿದ್ದಾರೆ. ಡೈನೋಸಾರ್ ಹುಡುಕುವ ಕನ್ನಡದ ವಿದ್ಯಾರ್ಥಿ ಯರಗುಪ್ಪಿಯ ಹೊಲ ಅಗೆಯುವುದು ಬೇಡ. ಕಲಬುರಗಿ, ಯಾದಗಿರಿ ಕಡೆಯ ಲಾವಾ ಪದರಗಳ ನಡುವಿನ ಮಣ್ಣನ್ನು ಜರಡಿ ಹಿಡಿಯಲಿ.