ಹ್ಯಾಂಡ್‌ಬಿಲ್ಲಿನ ದಪ್ಪಕ್ಷರ: ನಟನಟಿಯರ ಏಳುಬೀಳಿನ ಒಂದು ಓದು

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಾತ್ರೆಗೆ ನಾಟಕ ಆಡುವ ಊರವರು ಹಂಚುವ ಹ್ಯಾಂಡ್‌ಬಿಲ್ಲಿಗೆ ತನ್ನದೇ ಶ್ರೇಣಿಯಿದೆ. ನೆತ್ತಿಯ ಮೇಲೆ ಊರದೇವರು, ಕೆಳಗೆ ಸಾನ್ನಿಧ್ಯದ ಸ್ವಾಮಿಗಳು, ಆಮೇಲೆ ಉದ್ಘಾಟಕರು. ತಿಂಗಳುಗಟ್ಟಲೆ ತಾಲೀಮು ಮಾಡಿದ ಊರ ಹುಡುಗರಿಗೆ ಉಳಿಯುವುದು ಸಣ್ಣಕ್ಷರದ ಪಾತ್ರಪಟ್ಟಿ. ಹೊರಗಿನಿಂದ ಕರೆಸಿದ ಸ್ತ್ರೀಪಾತ್ರಧಾರಿಗಳ ಹೆಸರು ಮಾತ್ರ ದಪ್ಪಗೆ, ಫೋಟೋ ಸಮೇತ, ಊರಿನ ಹೆಸರಿನ ಜೊತೆ ಬರುತ್ತದೆ. ಇದನ್ನು ಗೌರವವೆಂದು ನಾನು ಓದುವುದಿಲ್ಲ. ಜನ ಸೇರಿಸುವ ಲೆಕ್ಕಾಚಾರ ಅದು.

ಇನ್ನು ವೃತ್ತಿ ನಾಟಕ ಕಂಪನಿಗಳಲ್ಲಿ ಮೊದಲ ‘ಸ್ಟಾರ್’ ನಟನಲ್ಲ, ಮಾಲೀಕ. ಬೋರ್ಡಿನ ಮೇಲೆ ಬೇರೊಂದು ಹೆಸರಿನ ನಾಟ್ಯಸಂಘವಿದ್ದರೂ ಜನರ ಬಾಯಲ್ಲಿ ಅದು ಮಾಲೀಕರ ಹೆಸರಿಗಂಟಿದ ಊರಿನಿಂದಲೇ ಗುಬ್ಬಿ ಕಂಪನಿ, ಏಣಗಿ ಕಂಪನಿ, ಗುಡಗೇರಿ ಕಂಪನಿ. ಏಣಗಿ ಬಾಳಪ್ಪನವರಂತೆ ಸ್ತ್ರೀಪಾತ್ರದಿಂದ ಹೆಸರಾದ ನಟರು ಮುಂದೆ ಮಾಲೀಕರೂ ಆದಾಗ ಎರಡು ಪಟ್ಟ ಒಬ್ಬರಲ್ಲೇ ಕೂಡಿದವು.

ಯಾರ ಹೆಸರು ಮೊದಲು ಎಂಬ ಪೈಪೋಟಿ ಹಾಲಿವುಡ್ಡಿನಲ್ಲಿ ಕರಾರುಪತ್ರಕ್ಕೇ ಏರಿತು. 1974ರ ‘ದ ಟವರಿಂಗ್ ಇನ್‌ಫರ್ನೋ’ದಲ್ಲಿ ಸ್ಟೀವ್ ಮೆಕ್ವೀನ್ ಹೆಸರು ಎಡಕ್ಕೆ, ಪಾಲ್ ನ್ಯೂಮನ್ ಹೆಸರು ಬಲಕ್ಕೆ, ಆದರೆ ತುಸು ಮೇಲೆ, ಇಬ್ಬರೂ ಮೊದಲಿಗರೇ! ಇತ್ತ ಕನ್ನಡದಲ್ಲಿ, ಅದೇ ವರ್ಷ, ನಾಟಕಕಾರ ಧುತ್ತರಗಿಯವರ ಕೃತಿ ‘ಸಂಪತ್ತಿಗೆ ಸವಾಲ್’ ರಾಜ್‌ಕುಮಾರ್ ಅವರ ಸಿನಿಮಾ ಆಯಿತು. ಕಂಪನಿ ನಾಟಕದ ಹುಡುಗ ಮುತ್ತುರಾಜನಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ದಲ್ಲಿ (1954) ರಾಜ್‌ಕುಮಾರ್ ಎಂಬ ಹೊಸ ಹೆಸರಿಟ್ಟಿದ್ದರು. ಆ ಹೆಸರಿನ ಏರಿಕೆಯನ್ನು ಅಳೆಯಲು ಅದು ಪಟ್ಟಿಯಲ್ಲಿ ಎಷ್ಟನೆಯದು ಎಂದು ನೋಡಿ ಪ್ರಯೋಜನವಿಲ್ಲ, ಹಿಂದೆ ಸೇರುತ್ತ ಹೋದ ಬಿರುದುಗಳನ್ನು ನೋಡಬೇಕು. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದ ಮೇಲೆ ‘ಡಾ.’ ಇಲ್ಲದ ರಾಜ್‌ಕುಮಾರ್ ಅಪರೂಪ.

ದಪ್ಪಕ್ಷರವೆಂದರೆ ಏರಿಕೆ ಎಂಬ ನಂಬಿಕೆಯನ್ನು ಕೆಡಿಸುವುದು ನಟಿ ಕಲ್ಪನಾ ಅವರ ಬದುಕು. ‘ಸಾಕು ಮಗಳು’ (1963) ಚಿತ್ರದಿಂದ ಬಂದು, ನಿರ್ದೇಶಕ ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ (1969), ‘ಶರಪಂಜರ’ಗಳಲ್ಲಿ ಕಥೆಯನ್ನೇ ಹೊತ್ತ ನಾಯಕಿ ಅವರು, ‘ಮಿನುಗುತಾರೆ’ ಬಿರುದು ಹೆಸರಿಗಂಟಿತು. ಪುಟ್ಟಣ್ಣನವರ ಚಿತ್ರಗಳಲ್ಲಿ ಆ ಜಾಗಕ್ಕೆ ಆರತಿ ಬಂದರು. ಅವಕಾಶ ತಗ್ಗಿದಾಗ ಕಲ್ಪನಾ ಉತ್ತರ ಕರ್ನಾಟಕಕ್ಕೆ ಬಂದು ಗುಡಗೇರಿ ಬಸವರಾಜರ ಕಂಪನಿಯಲ್ಲಿ ಬಣ್ಣ ಹಚ್ಚಿದರು. ಚಿತ್ರರಂಗಕ್ಕೆ ಬೇಡವಾಗುತ್ತಿದ್ದ ಹೆಸರು ನಾಟಕ ಕಂಪನಿಗೆ ಬಂಡವಾಳ. ಪರದೆಯ ಮೇಲೆ ಕಂಡ ಮುಖವನ್ನು ಪೆಟ್ರೋಮ್ಯಾಕ್ಸು ಕಾಲದ ನೆನಪಿನ್ನೂ ಮಾಸದ ಊರುಗಳು ಹತ್ತಿರದಿಂದ ನೋಡಬಹುದಿತ್ತಲ್ಲ! ಹೀಗಾಗಿ ನಾಟಕದ ಪ್ರಚಾರವನ್ನಷ್ಟೇ ಓದಿದವರಿಗೆ ಆಕೆ ಶಿಖರದಲ್ಲಿದ್ದಂತೆ ಕಂಡಾರು. 1979ರ ಮೇ ತಿಂಗಳಲ್ಲಿ ಸಂಕೇಶ್ವರ ಬಳಿಯ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಅವರು ತೀರಿಕೊಂಡರು.

ಹ್ಯಾಂಡ್‌ಬಿಲ್ಲನ್ನು ಅದೇ ವರ್ಷದ ಸಿನಿಮಾ ಪಟ್ಟಿಯ ಪಕ್ಕದಲ್ಲಿಟ್ಟೇ ಓದಬೇಕೆನ್ನುವುದು ಇದಕ್ಕೇ. ಊರನ್ನು ಹೆಸರಿಗೆ ಕಟ್ಟುವ ಕಂಪನಿ ಕಾಲದ ರೂಢಿ ಮಾತ್ರ ರಂಗ ಬದಲಾದರೂ ಉಳಿಯಿತು: ಪಾತ್ರವನ್ನೇ ಮಾಡದೆ ಬರೀ ಮಾತಿನಿಂದ ಜನ ಸೇರಿಸುವ ಹಾಸ್ಯಗಾರ ಪ್ರಾಣೇಶ್ ಅವರೂ ಪೋಸ್ಟರಿನಲ್ಲಿ ‘ಗಂಗಾವತಿ ಪ್ರಾಣೇಶ್’ ಅವರೇ.