ಹೇರೆತ್ತಿನ ದಾರಿಯಲ್ಲಿ ಸ್ಪ್ಲೆಂಡರ್

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಬರುವ ಬೆಂಗಳೂರಿನ ಬೈಕ್ ಹುಡುಗರನ್ನು ನೀವೂ ನೋಡಿರುತ್ತೀರಿ. ಹೆದ್ದಾರಿ ಸಾಕೆನಿಸಿ, ಮೊಬೈಲ್ ಮ್ಯಾಪಿನಲ್ಲಿ ಕಂಡ ಸಣ್ಣ ಗೆರೆ ಹಿಡಿದು ಯಾವುದೋ ಹಳ್ಳಿಯ ಹಿಂದಿನ ದಾರಿಗೆ ಇಳಿಯುತ್ತಾರೆ. ಊರು ದಾಟಿದ ಕೂಡಲೇ ಟಾರು ಮುಗಿಯುತ್ತದೆ. ಆಮೇಲೆ ಜಲ್ಲಿ, ಆಮೇಲೆ ಗರಸು, ಆಮೇಲೆ ಹಳ್ಳದ ಮರಳು. ಟಾರು ರಸ್ತೆಗೆಂದೇ ಮಾಡಿದ ದುಬಾರಿ ಬೈಕು ಅಲ್ಲಿ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಹಳೇ ಮೊಪೆಡ್ಡೊಂದು ಅವರ ಪಕ್ಕದಲ್ಲೇ ಆರಾಮಾಗಿ ದಾಟಿ ಹೋಗುತ್ತದೆ.

ನೋಡುವವರಿಗೆ ಇದು ತಮಾಷೆ. ಆದರೆ ಆ ದಾರಿ ಇಂದಿಗೂ ಹಾಗೇ ಏಕೆ ಉಳಿದಿದೆ? ಅದರ ಮೇಲೆ ನಮ್ಮವರು ನೂರು ಸಿಸಿ ಬೈಕಿನಲ್ಲಿ ಸಂಸಾರವನ್ನೇ ಸಾಗಿಸುವುದು ಹೇಗೆ ಸಾಧ್ಯವಾಯಿತು? ಉತ್ತರ ಸಿಗಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಎತ್ತಿನ ಬೆನ್ನ ಮೇಲೆ ಬಂದ ಸಂತೆ

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆದೇಶದಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಕೋಲಾರ, ಚಿಕ್ಕಬಳ್ಳಾಪುರದ ಕಡೆಗೂ ಬಂದಿದ್ದ. ಆಗ ಈ ಸೀಮೆಯಲ್ಲಿ ದೂರದ ವ್ಯಾಪಾರದ ಸರಕು ಹೆಚ್ಚಾಗಿ ಸಾಗುತ್ತಿದ್ದುದು ಗಾಡಿಯಲ್ಲಲ್ಲ, ಎತ್ತಿನ ಬೆನ್ನ ಮೇಲೆ. ಎತ್ತಿನ ಎರಡೂ ಪಕ್ಕಕ್ಕೆ ಒಂದೊಂದು ಚೀಲ ಇಳಿಬಿಟ್ಟು, ಒಂದರ ಹಿಂದೊಂದು ಸಾಲಾಗಿ ನಡೆಸುತ್ತಿದ್ದರು. ಇವೇ ಹೇರೆತ್ತುಗಳು. ಉಪ್ಪು, ದವಸ ಹೊತ್ತ ಲಂಬಾಣಿಗರ ಎತ್ತಿನ ಹಿಂಡುಗಳು ಸೈನ್ಯಗಳಿಗೂ ಆಹಾರ ಒದಗಿಸುತ್ತಿದ್ದವು.

ಹೇರೆತ್ತಿಗೆ ಅಗಲ ರಸ್ತೆ ಬೇಕಿಲ್ಲ. ಎರಡಡಿ ಜಾಡು ಸಾಕು. ಕೆರೆ ಏರಿಯ ಮೇಲೆ ನಡೆಯುತ್ತದೆ, ಬಂಡೆ ಸಂದಿಯಲ್ಲಿ ನುಸುಳುತ್ತದೆ, ಬತ್ತಿದ ಹೊಳೆಯಲ್ಲಿ ಇಳಿದು ಹತ್ತುತ್ತದೆ. ನಮ್ಮ ಸೀಮೆಯ ನೆಲಕ್ಕೆ ಅದೇ ಸರಿಯಾಗಿತ್ತು. ಉತ್ತರ ಪಿನಾಕಿನಿ, ಚಿತ್ರಾವತಿ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲೇ ಆದರೂ ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿಲ್ಲ. ಹಾಗಾಗಿ ಊರೂರಿಗೂ ಕೆರೆ ಕಟ್ಟಿದರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ದಾರಿ ಸಹಜವಾಗಿಯೇ ಏರಿಯ ಮೇಲೆ ಬಿತ್ತು. ಉಳಿದದ್ದು ಗುಂಡುಬಂಡೆ, ಕೆಂಪು ಮಣ್ಣು, ಮರಳು ಹಳ್ಳ.

ಚಕ್ರದ ಗಾಡಿಗೆ ಈ ನೆಲ ಎಷ್ಟು ಕಷ್ಟವೆಂದು ಕಾರ್ನ್‌ವಾಲಿಸನ ಸೈನ್ಯಕ್ಕೂ ಗೊತ್ತಾಗಿತ್ತು. 1791ರ ಅಕ್ಟೋಬರಿನಲ್ಲಿ ನಂದಿದುರ್ಗ ಹಿಡಿಯುವಾಗ ಫಿರಂಗಿ ಮೇಲಕ್ಕೆ ಎಳೆಯಲು ಬೆಟ್ಟದಲ್ಲೇ ದಾರಿ ಕಡಿಯಬೇಕಾಯಿತು.

ಎಲ್ಲ ರಸ್ತೆಯೂ ಪೇಟೆಯ ಕಡೆಗೆ

ಮೈಸೂರು ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ರಸ್ತೆ ಬಂದದ್ದು ಮಾರ್ಕ್ ಕಬ್ಬನ್ ಕಾಲದಲ್ಲಿ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಅವನ ಅವಧಿಯಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳಾದವು. ಕಬ್ಬನ್ ಇದ್ದ ಬಂಗಲೆ ನಂದಿ ಬೆಟ್ಟದ ಮೇಲೆ ಇಂದಿಗೂ ಇದೆ. ಆದರೆ ಆ ರಸ್ತೆಗಳು ಬೆಂಗಳೂರನ್ನು ದೊಡ್ಡ ಊರುಗಳಿಗೆ, ಗಡಿಯಾಚೆಯ ಪೇಟೆಗಳಿಗೆ ಸೇರಿಸಲು ಹಾಕಿದವು. ಬೆಟ್ಟದ ಕೆಳಗಿನ ಒಂದು ಹಳ್ಳಿಯನ್ನು ಪಕ್ಕದ ಹಳ್ಳಿಗೆ ಸೇರಿಸುವುದು ಅವುಗಳ ಕೆಲಸವಾಗಿರಲಿಲ್ಲ.

ರೈಲು ಬಂದಾಗಲೂ ಹಾಗೇ. ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ಮಾರ್ಗ ಗೌರಿಬಿದನೂರನ್ನು ಮುಟ್ಟಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಸಣ್ಣ ಹಳಿಯ ರೈಲು ಬಂತು. ಪೇಟೆಗಳು ಒಂದಕ್ಕೊಂದು ಹತ್ತಿರವಾದವು. ನಿಲ್ದಾಣದಿಂದ ಹಳ್ಳಿಗೆ ಮಾತ್ರ ಅದೇ ಗಾಡಿ ಜಾಡು.

ದುಡ್ಡಿಲ್ಲದವರಿಗೆ ರೈಲು ಇದ್ದೂ ಇಲ್ಲದಂತೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ಹೋದದ್ದು ಎರಡು ದಿನ ಕಾಲ್ನಡಿಗೆಯಲ್ಲಿ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಹೋರಾಟದ ಹಾದಿ'.

ಮೈಸೂರಿನ ಜಾವಾ, ಹೊಸೂರಿನ ಮೊಪೆಡ್ಡು

ಮೋಟಾರ್ ಸೈಕಲ್ ಬಂದದ್ದು ಈ ಜಾಡುಗಳ ಮೇಲೆ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಕಂಪನಿಯ ಪರವಾನಗಿಯಲ್ಲಿ ಬೈಕು ತಯಾರಿಸತೊಡಗಿತು. 1973ರಿಂದ ಅದೇ ಕಾರ್ಖಾನೆಯ ಬೈಕಿಗೆ ಯೆಜ್ಡಿ ಎಂದು ಹೆಸರಾಯಿತು. 250 ಸಿಸಿ, ಎರಡು ಸೈಲೆನ್ಸರು, ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ. ಚೈನು ಪೂರ್ತಿ ತಗಡಿನೊಳಗೆ ಮುಚ್ಚಿದ್ದರಿಂದ ಧೂಳು, ಮರಳು ಹೊಕ್ಕು ಸವೆಯುವುದು ಕಡಿಮೆ. ಇಂಜಿನ್ ಎಷ್ಟು ಸರಳವೆಂದರೆ ಮರದ ಕೆಳಗೆ ಗೋಣಿಚೀಲ ಹಾಸಿ ಬಿಚ್ಚಿ ಕಟ್ಟಬಹುದಿತ್ತು. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ಬೆಲೆಯೂ ಎಲ್ಲರ ಕೈಗೆಟಕುವಂತಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಬಡ ರೈತನ ಅಂಗಳಕ್ಕೆ ಮೊದಲು ಬಂದದ್ದು ಮೊಪೆಡ್ಡು. 1980ರಲ್ಲಿ ಟಿವಿಎಸ್ 50 ಬಂತು. ಅದು ತಯಾರಾದದ್ದು ಹೊಸೂರಿನಲ್ಲಿ. ನರಸಿಂಹಯ್ಯನವರ ಹೊಸೂರಲ್ಲ, ತಮಿಳುನಾಡಿನ ಹೊಸೂರು. 1985ರಲ್ಲಿ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್. ಲೀಟರಿಗೆ ಹೆಚ್ಚು ಮೈಲೇಜು, ಎಣ್ಣೆ ಬೆರೆಸುವ ತಾಪತ್ರಯವಿಲ್ಲ, ಬಿಡಿಭಾಗ ಹೋಬಳಿ ಕೇಂದ್ರದಲ್ಲೇ ಸಿಗುತ್ತದೆ.

ಇವುಗಳಲ್ಲಿ ಯಾವುದನ್ನೂ ಕಲ್ಲುಮಣ್ಣಿನ ದಾರಿಗೆಂದು ಮಾಡಿರಲಿಲ್ಲ. ಅಂಥ ದಾರಿಗೆಂದೇ ಮಾಡಿದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂದದ್ದು 2016ರಲ್ಲಿ, ಹೀರೋ ಎಕ್ಸ್‌ಪಲ್ಸ್ 2019ರಲ್ಲಿ. ಅಷ್ಟರಲ್ಲಿ ನಮ್ಮವರು ಟಾರು ರಸ್ತೆಯ ಬೈಕಿನಲ್ಲೇ ಮೂರು ದಶಕ ಕಲ್ಲುಮಣ್ಣು ತುಳಿದಾಗಿತ್ತು. ತೂಕದ ಲೆಕ್ಕವನ್ನೂ ನೋಡಿ. ಹಿಮಾಲಯನ್ ಸುಮಾರು 190 ಕೆ.ಜಿ., ಇಂದಿನ ಟಿವಿಎಸ್ ಎಕ್ಸ್‌ಎಲ್ 100 ತೂಕ 90 ಕೆ.ಜಿ. ಒಳಗೆ. ಮರಳಿನಲ್ಲಿ ಹೂತರೆ ಒಬ್ಬನೇ ಎತ್ತಿ ಈಚೆ ಇಡಬಹುದು. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಮೂಟೆ, ಹಿಂದಿನ ಸೀಟಿನ ಮೇಲೆ ಇನ್ನೊಂದು, ಎರಡೂ ಪಕ್ಕಕ್ಕೆ ಕ್ಯಾನು.

ಸರಿಯಾಗಿ ನೋಡಿದರೆ ಇದು ಹೇರೆತ್ತೇ. ಬೈಕು ಕುದುರೆಯ ಜಾಗಕ್ಕೆ ಬಂತು ಎನ್ನುವವರುಂಟು. ನಮ್ಮ ಸೀಮೆಯಲ್ಲಿ ಅದು ಬಂದದ್ದು ಹೇರೆತ್ತಿನ ಜಾಗಕ್ಕೆ. ಗಾಡಿ ಹೋಗದ ಜಾಡಿನಲ್ಲಿ ಮತ್ತೆ ಸರಕು ಓಡಾಡತೊಡಗಿತು.

ಹೆದ್ದಾರಿ ಬಿಟ್ಟು ಹೋದಾಗ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಊರು ಒಂದೇ ರಸ್ತೆಯ ಮೇಲಿವೆ. ಹೊನ್ನಾವರದಿಂದ ಚಿತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 69 ಇವುಗಳನ್ನು ದಾರದಲ್ಲಿ ಪೋಣಿಸಿದಂತೆ ಸೇರಿಸುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹೈದರಾಬಾದಿನ ಹೆದ್ದಾರಿ 44 ಇದಕ್ಕೆ ಅಡ್ಡ ಬರುತ್ತದೆ. ಕಳೆದ ಬೇಸಿಗೆಯಲ್ಲಿ ನಾವು ನಾಲ್ವರು ಎರಡು ಬೈಕಿನಲ್ಲಿ, ಒಂದು ನೂರು ಸಿಸಿ, ಇನ್ನೊಂದು ನೂರೈವತ್ತು, ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಟೆವು. ಸಾಧ್ಯವಾದಷ್ಟೂ ಹೆದ್ದಾರಿ ಬಿಟ್ಟು, ಊರಿಂದ ಊರಿಗೆ ಹೋಗುವ ದಾರಿಯಲ್ಲೇ ಹೋಗುವುದೆಂದು ನಿರ್ಧರಿಸಿದ್ದೆವು.

ದಾರಿ ಕೆಟ್ಟಿರುತ್ತದೆ ಎಂದು ಗೊತ್ತಿತ್ತು. ಎಷ್ಟು ಬೇಗ ಕೆಡುತ್ತದೆ ಎಂಬುದೇ ಆಶ್ಚರ್ಯ. ಊರಿನ ಕೊನೆಯ ಮನೆಯವರೆಗೆ ಸಿಮೆಂಟ್ ರಸ್ತೆ, ಅದರ ಮುಂದೆ ನೂರು ಹೆಜ್ಜೆಗೆ ಗಾಡಿ ಜಾಡು. ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಹಳ್ಳ, ನಡುವೆ ದಿಣ್ಣೆ. ಹಳ್ಳದಲ್ಲಿ ಹೋದರೆ ಫುಟ್‌ರೆಸ್ಟ್ ದಿಣ್ಣೆಗೆ ತಾಗುತ್ತದೆ, ದಿಣ್ಣೆಯ ಮೇಲೆ ಹೋದರೆ ಕಾಲು ನೆಲಕ್ಕೆ ಸಿಗುವುದಿಲ್ಲ. ಒಂದು ಕಡೆ ಹರಡಿ ಬಿಟ್ಟ ಜಲ್ಲಿಯ ಮೇಲೆ ಹುಲ್ಲು ಬೆಳೆದಿತ್ತು. ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬದ ದ್ರಾಕ್ಷಿ ತೋಟ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ, ಚಿಂತಾಮಣಿ ಹತ್ತಿರವಾದಂತೆ ಮಾವು, ಗುಂಡುಬಂಡೆ. ದಾರಿ ಕೇಳಿದರೆ ಕನ್ನಡದಲ್ಲಿ ಶುರುವಾದ ಉತ್ತರ ತೆಲುಗಿನಲ್ಲಿ ಮುಗಿಯುತ್ತಿತ್ತು.

ಒಂದು ಹಳ್ಳದ ಮರಳಿನಲ್ಲಿ ನೂರೈವತ್ತು ಸಿಸಿ ಬೈಕಿನ ಮುಂದಿನ ಚಕ್ರ ಹೂತು ಅಡ್ಡ ತಿರುಗಿತು. ಹಿಂದೆ ಮೊಪೆಡ್ಡಿನಲ್ಲಿ ಬಂದ ಹಿರಿಯರೊಬ್ಬರು ಕೈ ಹಾಕಿ ಎತ್ತಿಸಿದರು. "ಮರಳಲ್ಲಿ ಮುಂದಿನ ಬ್ರೇಕ್ ಮರೆತುಬಿಡಿ ಸ್ವಾಮಿ. ಗಾಡಿ ಎಲ್ಲಿಗೆ ಹೋಗ್ತೀನಿ ಅಂತೈತೋ ಅಲ್ಲಿಗೆ ಬಿಡಿ, ನೀವೂ ಅದರ ಜತೆ ಹೋಗಿ," ಎಂದರು. ಅವರೇ ಹೇಳಿದ ಉಳಿದ ಪಾಠ: ಒಂದನೇ ಇಲ್ಲವೇ ಎರಡನೇ ಗೇರು, ಒಂದೇ ಸಮ ಆಕ್ಸಿಲರೇಟರ್, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಬೇಕು, ಚಕ್ರದ ಬುಡ ನೋಡದೆ ಹತ್ತು ಮಾರು ಮುಂದೆ ನೋಡಬೇಕು. ಅವರದ್ದು ಗೇರಿಲ್ಲದ ಗಾಡಿ. ಆದರೂ ನಮ್ಮ ಗೇರಿನ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೂಡು ಕಾಯುವುದಿಲ್ಲ

ಬೆಂಗಳೂರಿನ ಸವಾರನಿಗೆ ಕೆಟ್ಟ ದಾರಿ ಒಂದು ದಿನದ ಅನುಭವ. ಇಲ್ಲಿನವರಿಗೆ ಅದು ದುಡ್ಡಿನ ಲೆಕ್ಕ. ಶಿಡ್ಲಘಟ್ಟ ತಾಲ್ಲೂಕಿನ ರೈತರಿಗೆ ಇದನ್ನು ನಾವು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇವೆ.

ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಹತ್ತು ಹನ್ನೆರಡು ದಿನವಾದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಹಾಗಾಗಿ ಕೈಯಲ್ಲಿರುವುದು ಕೆಲವೇ ದಿನ. ಬೆಳಗಿನ ಹರಾಜಿಗೆ ಗೂಡು ಮಾರುಕಟ್ಟೆ ಮುಟ್ಟಲೇಬೇಕು. ದಾರಿಯಲ್ಲಿ ಚೀಲ ಕುಲುಕಿ ಒಳಗಿನ ಹುಳು ಜಜ್ಜಿದರೆ ಗೂಡಿಗೆ ಕಲೆ ಬೀಳುತ್ತದೆ. ಕಲೆ ಬಿದ್ದ ಗೂಡು ಕಂಡರೆ ರೀಲರು ರೇಟು ಇಳಿಸುತ್ತಾರೆ. ತಿಂಗಳು ಕಷ್ಟಪಟ್ಟು ಸಾಕಿದ ಬೆಳೆಯ ಬೆಲೆಯನ್ನು ಕೊನೆಯ ನಾಲ್ಕು ಕಿಲೋಮೀಟರ್ ದಾರಿ ತಿಂದುಹಾಕಬಹುದು.

ಚಾಕಿ ಹುಳು ತರುವುದೂ ಬೈಕಿನಲ್ಲೇ, ಬಿಸಿಲೇರುವ ಮುಂಚೆ. ದಿನಕ್ಕೆರಡು ಸಲ ಡೈರಿಗೆ ಹಾಲು ಮುಟ್ಟಿಸುವುದೂ ಬೈಕಿನಲ್ಲೇ. ತೋಟದ ಮನೆಯಿಂದ ಬಸುರಿ ಹೆಂಗಸನ್ನು ಟಾರು ರಸ್ತೆಯವರೆಗೆ ಕರೆತರುವುದೂ ಎಷ್ಟೋ ಸಲ ಅದೇ ಬೈಕು. ಮಳೆಗಾಲದಲ್ಲಿ ಇನ್ನೂ ಕಷ್ಟ. 2021ರ ನವೆಂಬರ್ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದಾಗ ಎಲ್ಲರಿಗೂ ಸಂತೋಷವಾಯಿತು. ಕೋಡಿಯ ಕೆಳಗೆ ಹಾದುಹೋಗುವ ದಾರಿ ಕೊಚ್ಚಿಹೋದ ಊರುಗಳಿಗೆ ಮಾತ್ರ ಸಂತೋಷದ ಜೊತೆ ಸುತ್ತುದಾರಿಯೂ ಬಂತು.

ಒಂದು ಊರಿಗೆ ಒಂದೇ ರಸ್ತೆ

ಹಾಗಾದರೆ ಸರ್ಕಾರ ರಸ್ತೆ ಮಾಡಲೇ ಇಲ್ಲವೇ? ಮಾಡಿದೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಸರ್ವಋತು ರಸ್ತೆ ಕೊಡುವ ಗುರಿ ಇಟ್ಟುಕೊಂಡಿತು. ಎಷ್ಟೋ ಹಳ್ಳಿಗಳ ಬದುಕು ಅದರಿಂದ ಬದಲಾಯಿತು. ಆದರೆ ಅದರ ನಿಯಮವನ್ನು ಗಮನಿಸಿ: ಒಂದು ಊರಿಗೆ ಒಂದು ಒಳ್ಳೆಯ ರಸ್ತೆ ಸಿಕ್ಕರೆ ಆ ಊರಿನ ಲೆಕ್ಕ ಮುಗಿಯಿತು. ಆ ಒಂದು ರಸ್ತೆ ಸಾಮಾನ್ಯವಾಗಿ ಪೇಟೆಯ ಕಡೆ ಹೋಗುವುದೇ ಆಗಿರುತ್ತದೆ. ಪಕ್ಕದ ಊರಿಗೆ, ಕೆರೆಯಾಚೆಯ ಡೈರಿಗೆ, ಬೆಟ್ಟದ ಹಿಂದಿನ ಶಾಲೆಗೆ ಹೋಗುವ ಎರಡನೇ ದಾರಿ ಪಟ್ಟಿಗೆ ಬರುವುದಿಲ್ಲ. 2019ರ ಮೂರನೇ ಹಂತ ಮಾರುಕಟ್ಟೆ, ಶಾಲೆ, ಆಸ್ಪತ್ರೆಗೆ ಹೋಗುವ ಮುಖ್ಯ ಗ್ರಾಮೀಣ ರಸ್ತೆಗಳನ್ನು ಸುಧಾರಿಸಲು ಹೊರಟಿತು. ಗಾಡಿ ಜಾಡುಗಳು ಅಲ್ಲೂ ಹೊರಗೇ ಉಳಿದವು.

ಕಬ್ಬನ್ ಕಾಲದಿಂದ ಇಂದಿನವರೆಗೆ ನಡೆದುಬಂದದ್ದು ಇದೇ. ಪೇಟೆಗೆ ಹೋಗುವುದು ರಸ್ತೆ, ಊರಿಂದ ಊರಿಗೆ ಹೋಗುವುದು ಬರೀ ದಾರಿ. ಆ ಕೊರತೆಯನ್ನು ನಮ್ಮವರು ತಮ್ಮ ಸೊಂಟ, ತಮ್ಮ ಶಾಕ್ ಅಬ್ಸಾರ್ಬರ್ ಸವೆಸಿ ತುಂಬಿಸಿದ್ದಾರೆ. ಸ್ಪ್ಲೆಂಡರ್ ಹೇಗೋ ಹೋಗುತ್ತದೆ ಎಂಬುದೇ ರಸ್ತೆ ಮಾಡದಿರಲು ಕಾರಣವಾಗಬಾರದು.

ಇನ್ನೊಂದು ಅಪಾಯವೂ ಇದೆ. ಬೈಕಿಗೆ ಎರಡಡಿ ಸಾಕು. ಹಾಗಾಗಿ ಅಕ್ಕಪಕ್ಕದ ಜಮೀನು ಸ್ವಲ್ಪಸ್ವಲ್ಪವೇ ಜಾಡಿನ ಮೇಲೆ ಬಂದರೂ ಯಾರೂ ತಕರಾರು ಮಾಡುವುದಿಲ್ಲ. ಒಂದು ದಿನ ಆಂಬುಲೆನ್ಸ್ ಬರಬೇಕಾದಾಗ, ಟೊಮೆಟೊ ತುಂಬಲು ಟೆಂಪೊ ಬರಬೇಕಾದಾಗ ದಾರಿಯೇ ಇರುವುದಿಲ್ಲ.

ಇದಕ್ಕೆ ದಾಖಲೆ ನಮ್ಮ ಕೈಯಲ್ಲೇ ಇದೆ. ಪ್ರತಿ ಗ್ರಾಮಕ್ಕೂ ಭೂಮಾಪನ ಇಲಾಖೆಯ ಗ್ರಾಮ ನಕಾಶೆ ಇರುತ್ತದೆ. ಅದರಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಗಾಡಿ ದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲು ದಾರಿ. ನಕಾಶೆಯಲ್ಲಿ ಕಂಡ ದಾರಿ ಊರಿನದ್ದು, ಯಾರೊಬ್ಬರ ಸ್ವತ್ತೂ ಅಲ್ಲ. ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಪ್ರತಿ ಸಿಗುತ್ತದೆ, ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಮೊಬೈಲಿಗೂ ಇಳಿಸಿಕೊಳ್ಳಬಹುದು. ಮುಂದಿನ ಗ್ರಾಮಸಭೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ. ನಿಮ್ಮ ಊರಿನಿಂದ ಪಕ್ಕದ ಊರಿಗೆ ಎಷ್ಟು ದಾರಿಗಳಿದ್ದವು, ಈಗ ಎಷ್ಟು ಉಳಿದಿವೆ, ಎಣಿಸಿ ನೋಡಿ. ಲೆಕ್ಕ ತಪ್ಪಿದ್ದರೆ ಅಲ್ಲೇ ಎದ್ದು ನಿಂತು ಕೇಳಿ.